ಗರಡಿಯ ಕೈ, ಸೂಜಿಯ ಮೊನೆ: ತುಮಕೂರು ಸೀಮೆಯ ಅಂಗಸಾಧಕರ ಸ್ನಾಯುಚಿಕಿತ್ಸೆ

ಕರ್ನಾಟಕದ ಜನಪದ ವೈದ್ಯವನ್ನು ಕುರಿತ ಅಧ್ಯಯನಗಳಲ್ಲಿ ಗಿಡಮೂಲಿಕೆ, ಮಂತ್ರ, ಹರಕೆಗಳಿಗೆ ದೊರೆತಷ್ಟು ಗಮನ ಕೈಚಿಕಿತ್ಸೆಗೆ ದೊರೆತಿಲ್ಲ. ಸೊಪ್ಪು ಬೇರುಗಳನ್ನು ಪಟ್ಟಿ ಮಾಡಬಹುದು. ಹೆಬ್ಬೆರಳಿನ ಒತ್ತು ಎಷ್ಟಿರಬೇಕೆಂಬುದನ್ನು ಬರೆದಿಡುವುದು ಕಷ್ಟ. ತುಮಕೂರು ನಗರ, ಗುಬ್ಬಿ ಮತ್ತು ಕುಣಿಗಲ್ ಪರಿಸರವನ್ನು ನೆಲೆಯಾಗಿಟ್ಟುಕೊಂಡು, ಕುಸ್ತಿಪಟುಗಳ ಹಾಗೂ ಭಾರ ಎತ್ತುವವರ ಸ್ನಾಯುನೋವಿಗೆ ಸಲ್ಲುತ್ತ ಬಂದ ಕೈಚಿಕಿತ್ಸೆಯನ್ನೂ, ಅದರ ಪಕ್ಕದಲ್ಲಿ ಈಚೆಗೆ ಬಂದು ನಿಂತ ಸೂಜಿಚಿಕಿತ್ಸೆಯನ್ನೂ ಚಾರಿತ್ರಿಕವಾಗಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಮೂರು ಊರುಗಳ ಬದುಕಿನಲ್ಲಿ ಮೈಬಲಕ್ಕೆ ಪ್ರತ್ಯೇಕ ಸ್ಥಾನವಿದೆ. 1800ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ ಗುಬ್ಬಿಯನ್ನು ವ್ಯಾಪಾರದ ಊರೆಂದು ಗುರುತಿಸಿದ್ದಾನೆ. ಅಡಿಕೆ, ಕೊಬ್ಬರಿಯ ಮೂಟೆ ಹೊರುವವರಿಗೆ ಸೊಂಟದ ಹಿಡಿತ, ಬೆನ್ನಿನ ಉಳುಕು ದಿನನಿತ್ಯದ ಪಾಡು. ಕುಣಿಗಲ್‌ನ ಕುದುರೆ ಫಾರಂ ಟಿಪ್ಪುವಿನ ಅಶ್ವದಳದ ಕಾಲದಿಂದ ಹೆಸರಾದುದು. ಅಲ್ಲಿ ಕುದುರೆಯ ಮೈಯನ್ನು ತಿಕ್ಕಿ ನೀವುವುದೂ ಆರೈಕೆಯ ಒಂದು ಭಾಗ. ಮನುಷ್ಯರಿಗೂ ಕುದುರೆಗೂ ಸಮಾನವಾಗಿ ಸಲ್ಲುವ ‘ಮಾಲೀಸು’ ಪಾರಸಿಯಿಂದ ಬಂದ ಮಾತು. ಕನ್ನಡದ ಸ್ವಂತ ಪದಗಳು ಬೇರೆಯವೇ ಇವೆ: ನೀವು, ತೀಡು, ಒತ್ತು, ತಿಕ್ಕು, ಉಜ್ಜು. ಇವು ಪರ್ಯಾಯಪದಗಳಲ್ಲ. ನೀವುವುದು ಹಗುರ, ತೀಡುವುದು ಒಂದೇ ದಿಕ್ಕಿನದು, ಒತ್ತುವುದು ಒಂದೆಡೆ ನಿಲ್ಲುವುದು. ನೋವಿಗೂ ಇಂತಹ ಸೂಕ್ಷ್ಮ ವಿಂಗಡಣೆಯಿದೆ: ಉಳುಕು, ಹಿಡಿತ, ಬಾವು, ಸಂದು ತಪ್ಪುವುದು, ಮೂಳೆ ಮುರಿಯುವುದು. ಚಿಕಿತ್ಸೆಯ ಮೊದಲ ಹೆಜ್ಜೆಯಾದ ರೋಗನಿರ್ಣಯ ಹೀಗೆ ಆಡುಮಾತಿನಲ್ಲಿಯೇ ಅಡಗಿದೆ.

ಈ ವಿದ್ಯೆಗೆ ನೆಲೆಯಾದುದು ಗರಡಿಮನೆ. ಹಳೆಯ ಮೈಸೂರು ಸೀಮೆಯ ಗರಡಿಯೆಂದರೆ ಕೇವಲ ಕುಸ್ತಿಯ ಅಖಾಡವಲ್ಲ. ಕೆಮ್ಮಣ್ಣಿನ ಮಟ್ಟಿ, ದಂಡ, ಬಸ್ಕಿ, ಗದೆ, ಕಲ್ಲುಗುಂಡು, ಎಣ್ಣೆ ಇವೆಲ್ಲ ಸೇರಿದ ಒಂದು ಶಿಸ್ತು. 12ನೆಯ ಶತಮಾನದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದಕ್ಕೆಂದೇ ಒಂದು ಭಾಗವಿದ್ದು, ಮಲ್ಲರನ್ನು ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಎಂದು ವಿಂಗಡಿಸಲಾಗಿದೆ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್ ಕೃಷ್ಣದೇವರಾಯನ ದಿನಚರಿಯನ್ನು ದಾಖಲಿಸಿದ್ದಾನೆ. ಅರಸನು ಬೆಳಕು ಹರಿಯುವ ಮುನ್ನ ಎಳ್ಳೆಣ್ಣೆ ಕುಡಿದು, ಮೈಗೆಲ್ಲ ಅದನ್ನೇ ಹಚ್ಚಿಕೊಂಡು, ಮಣ್ಣಿನ ಭಾರಗಳನ್ನು ಎತ್ತಿ, ಕತ್ತಿ ಬೀಸಿ, ಆ ಎಣ್ಣೆ ಬೆವರಾಗಿ ಇಳಿದ ಮೇಲೆ ಮಲ್ಲನೊಬ್ಬನೊಡನೆ ಸೆಣಸುತ್ತಿದ್ದನು. ಇಲ್ಲಿ ಎಣ್ಣೆ ಗಾಯದ ಮದ್ದಲ್ಲ, ಸಾಧನೆಗೆ ಮುನ್ನ ಮೈಯನ್ನು ಅಣಿಗೊಳಿಸುವ ಸಾಧನ ಎಂಬುದು ಗಮನಾರ್ಹ.

ಗರಡಿ ಮತ್ತು ಚಿಕಿತ್ಸೆಯ ನಂಟನ್ನು ನೇರವಾಗಿ ತೋರುವ ಆಧಾರವೆಂದರೆ ಜಟ್ಟಿಗಳ ಸಮುದಾಯ. ‘ಜ್ಯೇಷ್ಠೀಮಲ್ಲ’ರೆಂದು ಕರೆಸಿಕೊಂಡ ಇವರು ಮೈಸೂರು ದಸರೆಯ ವಿಜಯದಶಮಿಯಂದು ನಡೆದುಬಂದ ವಜ್ರಮುಷ್ಟಿ ಕಾಳಗದಿಂದ ಪ್ರಸಿದ್ಧರು. ಕುಣಿಗಲ್‌ಗೆ ದಕ್ಷಿಣದಲ್ಲಿರುವ ಚನ್ನಪಟ್ಟಣವೂ ಈ ಕಾಳಗಕ್ಕೆ ಜಟ್ಟಿಗಳನ್ನು ಕಳುಹಿಸುವ ಊರುಗಳಲ್ಲೊಂದು. 1909ರಲ್ಲಿ ಪ್ರಕಟವಾದ ಎಡ್ಗರ್ ಥರ್ಸ್ಟನ್‌ನ ಬುಡಕಟ್ಟು-ಜಾತಿಗಳ ಸಂಪುಟಗಳು ಜಟ್ಟಿಗಳನ್ನು ಕುರಿತು ಎರಡು ಸಂಗತಿಗಳನ್ನು ಹೇಳುತ್ತವೆ. ನರನೋವುಗಳಿಗೆ ಲೇಪಗಳನ್ನು ತಿಕ್ಕುವುದು ಅವರ ವೃತ್ತಿಗಳಲ್ಲೊಂದು. ಸಂದು ತಪ್ಪಿದ ಕೀಲನ್ನು ಕೂರಿಸುವುದರಲ್ಲಿ ಅವರು ನಿಪುಣರು. ಅದೇ ಪುಟಗಳಲ್ಲಿ, ಅವರು ಹಿಂದೆ ಕತ್ತು ತಿರುಚಿ ಮರಣದಂಡನೆ ಜಾರಿಗೊಳಿಸುತ್ತಿದ್ದರೆಂಬ ವದಂತಿಯೂ ಸೇರಿದೆ. ಕೀಲನ್ನು ಕೂರಿಸಬಲ್ಲ ಕೈ ಕೀಲನ್ನು ಮುರಿಯಲೂ ಬಲ್ಲದು. ವಸಾಹತು ಬರಹ ಎರಡನೆಯದನ್ನು ರೋಚಕವಾಗಿ ಬಣ್ಣಿಸಿ, ಮೊದಲನೆಯದನ್ನು ಒಂದು ಸಾಲಿಗೆ ಇಳಿಸಿತು.

ಗರಡಿಯ ಕೈಚಿಕಿತ್ಸೆಯಲ್ಲಿ ಮೂರು ಬಗೆಯ ಕೆಲಸಗಳಿವೆ. ದಣಿದ ಮೈಯನ್ನು ನೀವಿ ಹದಗೊಳಿಸುವುದು ಒಂದು; ತಪ್ಪಿದ ಸಂದನ್ನು ಎಳೆದು ಕೂರಿಸುವುದು ಎರಡು; ಬಿದಿರ ದಬ್ಬೆಯಿಟ್ಟು ಕಟ್ಟುವುದು ಮೂರು. ಬಾವಿಗೆ ಲಕ್ಕಿಸೊಪ್ಪಿನ ಶಾಖ, ಉಳುಕಿಗೆ ಹುಣಸೆಹಣ್ಣು-ಉಪ್ಪಿನ ಲೇಪ, ಮುರಿತಕ್ಕೆ ಮಂಗರಬಳ್ಳಿ ಇವು ಗರಡಿಯ ಹೊರಗೂ ಮನೆಮನೆಯಲ್ಲಿ ತಿಳಿದಿದ್ದ ಮದ್ದುಗಳು. ಕಾಲು ಮುಂದಾಗಿ ಹುಟ್ಟಿದವರ ಪಾದ ಸೋಕಿದರೆ ಸೊಂಟದ ಹಿಡಿತ ಬಿಡುತ್ತದೆಂಬ ನಂಬಿಕೆ ಇವುಗಳ ಜೊತೆಯಲ್ಲಿಯೇ ಬದುಕಿದೆ. ಗರಡಿಯ ವಿಶೇಷ ಮದ್ದಿನಲ್ಲಿ ಇರಲಿಲ್ಲ. ಚಿಕಿತ್ಸಕನೂ ಗುರುವೂ ಒಬ್ಬನೇ ಆಗಿದ್ದುದು ಅದರ ವಿಶೇಷ. ಶಿಷ್ಯನ ಮೈ ನಿನ್ನೆ ಹೇಗಿತ್ತೆಂಬುದನ್ನು ಬಲ್ಲವನೇ ಇಂದು ಅದನ್ನು ಮುಟ್ಟುತ್ತಿದ್ದನು. ನಾಳೆ ಮಟ್ಟಿಗೆ ಇಳಿಯಬೇಡವೆನ್ನುವ ಅಧಿಕಾರವೂ ಅವನಿಗಿತ್ತು.

ಸೂಜಿಯ ದಾರಿ ಬೇರೆ. ಪಯಸ್‌ನ ವರ್ಣನೆಯಲ್ಲಾಗಲಿ, ಜಟ್ಟಿಗಳ ಚಿಕಿತ್ಸೆಯನ್ನು ಕುರಿತ ಥರ್ಸ್ಟನ್‌ನ ಟಿಪ್ಪಣಿಯಲ್ಲಾಗಲಿ ಅದರ ಸುಳಿವಿಲ್ಲ. ಸೂಜಿಚಿಕಿತ್ಸೆ ನಮ್ಮ ಪ್ರಾಚೀನರ ಮರ್ಮವಿದ್ಯೆಯೇ ಎಂಬ ಮಾತು ಆಗಾಗ ಕೇಳಿಬರುತ್ತದೆ. ಆಕರಗಳು ಇದನ್ನು ಸಮರ್ಥಿಸುವುದಿಲ್ಲ. ಸುಶ್ರುತಸಂಹಿತೆ 107 ಮರ್ಮಗಳನ್ನು ಎಣಿಸುತ್ತದೆ. ಅವುಗಳಲ್ಲಿ 11 ಮಾಂಸಮರ್ಮಗಳು. ಶಸ್ತ್ರ ತಾಗಬಾರದ ಸ್ಥಾನಗಳೆಂದೇ ಆ ಎಣಿಕೆ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಕ್ಷಿಪ್ರಮರ್ಮಕ್ಕೆ ಪೆಟ್ಟಾದರೆ ಸೆಳೆತದಿಂದ ಮರಣವೆಂದು ಸುಶ್ರುತ ಎಚ್ಚರಿಸುತ್ತಾನೆ. ಚೀನಾದ ಅಕ್ಯುಪಂಕ್ಚರ್‌ಗೆ ಅದೇ ಎಡೆ ಸೂಜಿ ಚುಚ್ಚುವ ಬಹುಮುಖ್ಯ ಬಿಂದು. ಒಂದರ ನಿಷೇಧ ಇನ್ನೊಂದರ ವಿಧಿ. ಸುಶ್ರುತನ ಸಿರಾವ್ಯಧವೂ ರಕ್ತ ತೆಗೆಯುವ ಕ್ರಮವೇ ಹೊರತು ಸ್ನಾಯುವಿನ ಗಂಟನ್ನು ಬಿಡಿಸುವ ಕ್ರಮವಲ್ಲ.

ಭಾರತಕ್ಕೆ ಸೂಜಿ ಎರಡು ದಾರಿಗಳಲ್ಲಿ ಬಂದಿತು. 1938ರ ಭಾರತೀಯ ವೈದ್ಯಕೀಯ ನಿಯೋಗದಲ್ಲಿ ದ್ವಾರಕಾನಾಥ ಕೋಟ್ನಿಸರ ಸಂಗಡ ಚೀನಾಕ್ಕೆ ಹೋಗಿದ್ದ ಡಾ. ಬಿಜಯ್ ಕುಮಾರ್ ಬಸು, ಮುಂದೆ ಅಲ್ಲಿಯೇ ಅಕ್ಯುಪಂಕ್ಚರ್ ಕಲಿತು 1959ರ ವೇಳೆಗೆ ಕೊಲ್ಕತ್ತದಲ್ಲಿ ಅದನ್ನು ಆರಂಭಿಸಿದರು. ಎರಡನೆಯದು ‘ಡ್ರೈ ನೀಡ್ಲಿಂಗ್’. ಔಷಧವಿಲ್ಲದ ಸಣ್ಣ ಸೂಜಿಯನ್ನು ಸ್ನಾಯುವಿನ ಬಿಗಿದ ಗಂಟಿಗೇ ಚುಚ್ಚುವ ಈ ಕ್ರಮಕ್ಕೆ 1979ರಲ್ಲಿ ಚೆಕ್ ವೈದ್ಯ ಕಾರೆಲ್ ಲೆವಿಟ್ ಪ್ರಕಟಿಸಿದ ಲೇಖನವೂ, 1983ರಲ್ಲಿ ಹೊರಬಂದ ಟ್ರಾವೆಲ್ ಮತ್ತು ಸೈಮನ್ಸ್ ಅವರ ಕೈಪಿಡಿಯೂ ತಳಹದಿಯಾದವು. ಭೌತಚಿಕಿತ್ಸಕರ ಮೂಲಕ ಇದು ಕ್ರೀಡಾಲೋಕವನ್ನು ಸೇರಿತು. ನೋವಿನ ತಾತ್ಕಾಲಿಕ ಶಮನಕ್ಕೆ ಇದರಿಂದ ನೆರವಾಗಬಹುದು. ಹರಿದ ಸ್ನಾಯು ಇದರಿಂದ ಬೇಗ ಕೂಡುತ್ತದೆನ್ನಲು ಆಧಾರ ಸಾಲದು. ಎದೆ, ಮೇಲ್ಬೆನ್ನಿನಲ್ಲಿ ಆಳ ತಪ್ಪಿದರೆ ಶ್ವಾಸಕೋಶಕ್ಕೇ ಅಪಾಯ.

ಕೈಗೂ ಮಿತಿಯಿದೆ. ನೀವುವುದರಿಂದ ಸಾಧನೆಯ ಮರುದಿನದ ನೋವು ತುಸು ಕಡಿಮೆಯಾಗುತ್ತದೆ. ಬಲ ಬೇಗ ಮರಳುವುದಿಲ್ಲ. ಪೆಟ್ಟು ಬಿದ್ದ ತೊಡೆಯನ್ನಾಗಲಿ, ಸಂದು ತಪ್ಪಿದ ಮೊಣಕೈಯನ್ನಾಗಲಿ ಒಡನೆಯೇ ಬಲವಾಗಿ ತಿಕ್ಕಿದರೆ ಸ್ನಾಯುವಿನೊಳಗೆ ಮೂಳೆ ಬೆಳೆದು ಕೀಲು ಮಡಿಸಲಾರದಂತಾಗುವುದುಂಟು. ದಬ್ಬೆಯ ಕಟ್ಟು ಅತಿ ಬಿಗಿಯಾದರೆ ರಕ್ತ ಹರಿಯದೆ ಕೈಯನ್ನೇ ಕಳೆದುಕೊಳ್ಳಬೇಕಾದೀತು. ಈ ಎಚ್ಚರ ಹೊಸದೇನಲ್ಲ. ಸಡಿಲವಾದ ಕಟ್ಟಿನಿಂದ ಸಂದು ನಿಲ್ಲದು, ಬಿಗಿಯಾದುದರಿಂದ ಬಾವು, ನೋವು, ಕೀವು ಎಂದು ಸುಶ್ರುತನೇ ಹೇಳಿದ್ದಾನೆ. ಚಳಿಗಾಲದಲ್ಲಿ 7, ಸಮಕಾಲದಲ್ಲಿ 5, ಬೇಸಿಗೆಯಲ್ಲಿ 3 ದಿನಗಳಿಗೊಮ್ಮೆ ಕಟ್ಟು ಬಿಚ್ಚಿ ನೋಡಬೇಕೆಂಬುದು ಅವನ ನಿಯಮ.

ಕಟ್ಟು ಬಿಚ್ಚಿ ನೋಡಬೇಕಾದರೆ ರೋಗಿ ಮರಳಿ ಬರಬೇಕು. ಗರಡಿಯಲ್ಲಿ ಶಿಷ್ಯ ಮರುದಿನ ಬೆಳಗ್ಗೆ ಬಂದೇ ಬರುತ್ತಿದ್ದನು. ಗರಡಿಗಳು ಕ್ಷೀಣಿಸಿ, ಭಾರ ಎತ್ತುವ ಸಾಧನೆ ವ್ಯಾಯಾಮಶಾಲೆಗಳಿಗೆ ಸರಿದಂತೆ, ಕೈಚಿಕಿತ್ಸೆ ಒಂದು ಸಲದ ಸೇವೆಯಾಗಿ ಉಳಿಯಿತು. ಕೈ ಉಳಿದರೂ ಅದಕ್ಕೆ ಕಾವಲಾಗಿದ್ದ ದಿನದಿನದ ನೋಟ ಉಳಿಯಲಿಲ್ಲ. ಸೂಜಿಗೂ ಇದೇ ಮಾತು ಸಲ್ಲುತ್ತದೆ.

ಆದ್ದರಿಂದ ಜಾನಪದ ಸಂಶೋಧನೆಯ ಮುಂದಿರುವ ಕೆಲಸ ಎಣ್ಣೆ, ಲೇಪಗಳ ಪಟ್ಟಿಯನ್ನು ಬೆಳೆಸುವುದಷ್ಟೇ ಅಲ್ಲ. ತುಮಕೂರು, ಗುಬ್ಬಿ, ಕುಣಿಗಲ್‌ಗಳ ಹಿರಿಯ ಪೈಲ್ವಾನರು, ನಾಟಿವೈದ್ಯರು ಯಾವ ನೋವನ್ನು ಮುಟ್ಟುತ್ತಿರಲಿಲ್ಲ, ಯಾವುದನ್ನು ಆಸ್ಪತ್ರೆಗೆ ಕಳುಹಿಸುತ್ತಿದ್ದರು, ಎಷ್ಟು ದಿನ ಮಟ್ಟಿಗೆ ಇಳಿಯಗೊಡುತ್ತಿರಲಿಲ್ಲ ಎಂಬುದನ್ನು ಅವರ ಮಾತಿನಲ್ಲಿಯೇ ದಾಖಲಿಸಬೇಕಾಗಿದೆ. ಮದ್ದಿನ ಹೆಸರು ಗ್ರಂಥಗಳಲ್ಲಿ ದೊರೆತೀತು. ಮುಟ್ಟಬಾರದೆಂಬ ವಿವೇಕ ಆ ಹಿರಿಯರ ಕೈಯಲ್ಲಿದೆ, ಅವರೊಡನೆಯೇ ಹೋಗುತ್ತಿದೆ.