ಬೇಗ ಸಿಕ್ಕರೆ ಸಾಕೇ? ಕ್ಯಾನ್ಸರ್ ತಪಾಸಣೆಯ ಹೊಸ ದಾರಿಗಳು

1980ರ ದಶಕದ ನಡುವಿನಲ್ಲಿ ಜಪಾನ್ ತನ್ನ ದೇಶದ ಆರು ತಿಂಗಳ ಕೂಸುಗಳ ಮೂತ್ರವನ್ನು ಪರೀಕ್ಷಿಸತೊಡಗಿತು. ನ್ಯೂರೋಬ್ಲಾಸ್ಟೋಮಾ ಎಂಬ ಮಕ್ಕಳ ಕ್ಯಾನ್ಸರನ್ನು ಬೇಗ ಹಿಡಿಯುವುದು ಉದ್ದೇಶ. ಸೂಜಿ ಚುಚ್ಚಬೇಕಿಲ್ಲ, ನೋವಿಲ್ಲ. ಗಡ್ಡೆಗಳು ಸಿಕ್ಕವು, ಸಿಕ್ಕ ಮಕ್ಕಳಲ್ಲಿ ಬಹುತೇಕರು ಬದುಕಿದರು. ಎಲ್ಲರಿಗೂ ಸಮಾಧಾನವಾಯಿತು. ಆದರೆ ಸ್ವಲ್ಪ ದೊಡ್ಡ ಮಕ್ಕಳಲ್ಲಿ ಕಾಣಿಸಿಕೊಂಡು ಪ್ರಾಣ ತೆಗೆಯುವ ಬಗೆಯ ನ್ಯೂರೋಬ್ಲಾಸ್ಟೋಮಾ ಮಾತ್ರ ಕಡಿಮೆಯಾಗಲಿಲ್ಲ. ಕೆನಡಾದ ಕ್ವಿಬೆಕ್‌ನಲ್ಲೂ ಜರ್ಮನಿಯಲ್ಲೂ ನಡೆದ ಅಧ್ಯಯನಗಳು 2002ರಲ್ಲಿ ಪ್ರಕಟವಾದವು. ಈ ತಪಾಸಣೆಯಿಂದ ಸಾವು ಇಳಿಯುವುದಿಲ್ಲ ಎಂದು ಎರಡೂ ತೋರಿಸಿದವು. ಎಳೆಗೂಸುಗಳಲ್ಲಿ ಸಿಗುವ ಇಂಥ ಗಡ್ಡೆಗಳಲ್ಲಿ ಅನೇಕವು ತಾವಾಗಿಯೇ ಕರಗಿಹೋಗುತ್ತವೆ. ಅಂದರೆ ಶಸ್ತ್ರಚಿಕಿತ್ಸೆಗೂ ಕೀಮೋಥೆರಪಿಗೂ ಒಳಗಾದ ಎಷ್ಟೋ ಕೂಸುಗಳಿಗೆ ಅದರ ಅಗತ್ಯವೇ ಇರಲಿಲ್ಲ. ಮರುವರ್ಷ ಜಪಾನ್ ಕಾರ್ಯಕ್ರಮವನ್ನು ನಿಲ್ಲಿಸಲು ತೀರ್ಮಾನಿಸಿತು.

ಕ್ಯಾನ್ಸರ್ ಪತ್ತೆಗೆ ಹೊಸ ಪರೀಕ್ಷೆ ಬಂತು ಎಂಬ ಸುದ್ದಿ ಓದಿದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಆ ಕೂಸುಗಳು. ಪರೀಕ್ಷೆ ಎಷ್ಟು ಕ್ಯಾನ್ಸರ್ ಹಿಡಿಯಿತು ಎಂಬುದು ಒಂದು ಲೆಕ್ಕ. ಅದರಿಂದ ಎಷ್ಟು ಸಾವು ತಪ್ಪಿತು ಎಂಬುದು ಬೇರೆಯೇ ಲೆಕ್ಕ. ತಪಾಸಣೆಯ ಇತಿಹಾಸ ಈ ಎರಡರ ನಡುವಿನ ಅಂತರದಲ್ಲೇ ಸಾಗಿ ಬಂದಿದೆ.

ಗ್ರೀಸ್‌ನಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ ಜಾರ್ಜ್ ಪಾಪನಿಕೊಲಾವ್ 1928ರಲ್ಲಿ ಗರ್ಭಕಂಠದ ಕ್ಯಾನ್ಸರಿನ ಜೀವಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ಗುರುತಿಸಬಹುದು ಎಂದಾಗ ಹೆಚ್ಚಿನವರು ಕಿವಿಗೊಡಲಿಲ್ಲ. 1941ರಲ್ಲಿ ಹರ್ಬರ್ಟ್ ಟ್ರೌಟ್ ಜೊತೆಗೂಡಿ ಬರೆದ ಪ್ರಬಂಧದ ನಂತರವೇ ಪ್ಯಾಪ್ ಸ್ಮಿಯರ್ ಎಂಬ ಆ ಪರೀಕ್ಷೆ ಆಸ್ಪತ್ರೆಗಳಿಗೆ ಕಾಲಿಟ್ಟದ್ದು. ಅದು ಗೆದ್ದದ್ದಕ್ಕೆ ಕಾರಣ ಆ ರೋಗದ ಸ್ವಭಾವ. ಗರ್ಭಕಂಠದ ಕ್ಯಾನ್ಸರ್ ಬಲಿಯಲು ಹತ್ತು ವರ್ಷಕ್ಕೂ ಹೆಚ್ಚು ತೆಗೆದುಕೊಳ್ಳುತ್ತದೆ. ಕ್ಯಾನ್ಸರ್ ಆಗುವ ಮೊದಲಿನ ಹಂತದಲ್ಲೇ ಸಿಕ್ಕರೆ ಆ ಭಾಗವನ್ನು ಸುಟ್ಟೋ ಕತ್ತರಿಸಿಯೋ ತೆಗೆದುಬಿಡಬಹುದು. ಎಲ್ಲ ಕ್ಯಾನ್ಸರೂ ಇಷ್ಟು ನಿಧಾನಿಯಲ್ಲ, ಇಷ್ಟು ಕೈಗೆಟುಕುವ ಜಾಗದಲ್ಲೂ ಇರುವುದಿಲ್ಲ.

1963ರಲ್ಲಿ ನ್ಯೂಯಾರ್ಕ್‌ನಲ್ಲಿ ಸುಮಾರು 62,000 ಮಹಿಳೆಯರನ್ನು ಎರಡು ಗುಂಪು ಮಾಡಿ, ಸ್ತನ ಕ್ಯಾನ್ಸರ್ ಹುಡುಕುವ ಮ್ಯಾಮೋಗ್ರಫಿಯನ್ನು ಒರೆಗೆ ಹಚ್ಚಿದರು. ಚೀಟಿ ಎತ್ತಿದ ಹಾಗೆ ಗುಂಪು ಮಾಡಿ, ವರ್ಷಗಟ್ಟಲೆ ಕಾದು, ಸಾವುಗಳನ್ನು ಎಣಿಸುವ ಈ ಕ್ರಮ ಏಕೆ ಬೇಕು? 65ನೇ ವಯಸ್ಸಿಗೆ ಸಾಯುವ ಒಬ್ಬರ ಕ್ಯಾನ್ಸರ್ 62ಕ್ಕೆ ಗೊತ್ತಾದರೆ ಅವರು ಮೂರು ವರ್ಷ ಬದುಕಿದರು ಎನ್ನುತ್ತೇವೆ. ಅದೇ 58ಕ್ಕೆ ಗೊತ್ತಾಗಿ 65ಕ್ಕೇ ಸತ್ತರೆ ಏಳು ವರ್ಷ ಬದುಕಿದರು ಎಂದು ಬರೆದುಕೊಳ್ಳುತ್ತೇವೆ. ಆಯುಷ್ಯ ಒಂದು ದಿನವೂ ಹೆಚ್ಚಿಲ್ಲ, ರೋಗಿ ಎನಿಸಿಕೊಂಡ ವರ್ಷಗಳಷ್ಟೇ ಹೆಚ್ಚಿವೆ. ‘ಐದು ವರ್ಷ ಬದುಕುಳಿದವರು ಇಷ್ಟು ಶೇಕಡಾ’ ಎಂಬ ಜಾಹೀರಾತಿನ ಅಂಕಿಯನ್ನು ತಪಾಸಣೆಯ ಪುರಾವೆಯಾಗಿ ಒಪ್ಪಲಾಗದಿರುವುದು ಇದಕ್ಕೇ.

ಈ ಎಚ್ಚರಿಕೆ ಗೊತ್ತಿದ್ದೂ ಎಡವಿದ್ದುಂಟು. ಪಿಎಸ್ಎ ಎಂಬ ರಕ್ತಪರೀಕ್ಷೆಗೆ 1994ರಲ್ಲಿ ಅಮೆರಿಕದಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಪತ್ತೆಗೆಂದು ಅನುಮತಿ ಸಿಕ್ಕಿತು. ಸಾವು ಇಳಿಯುತ್ತದೆಯೇ ಎಂದು ತಿಳಿಯಲು 2009ರವರೆಗೆ ಕಾಯಬೇಕಾಯಿತು. ಯುರೋಪಿನ ಅಧ್ಯಯನದ ಪ್ರಕಾರ ಒಂದು ಸಾವನ್ನು ತಪ್ಪಿಸಲು 1,410 ಗಂಡಸರನ್ನು ತಪಾಸಣೆಗೆ ಒಳಪಡಿಸಿ 48 ಹೆಚ್ಚುವರಿ ಮಂದಿಗೆ ಚಿಕಿತ್ಸೆ ಕೊಡಬೇಕಿತ್ತು. ಆ ಚಿಕಿತ್ಸೆಯಿಂದ ಮೂತ್ರದ ಹಿಡಿತ ತಪ್ಪಬಹುದು, ಲೈಂಗಿಕ ಶಕ್ತಿ ಕುಂದಬಹುದು. ದಕ್ಷಿಣ ಕೊರಿಯಾದ ಕಥೆ ಇನ್ನೂ ಕಟುವಾದದ್ದು. ಅಲ್ಲಿ ಆರೋಗ್ಯ ತಪಾಸಣೆಯ ಜೊತೆಗೆ ಕುತ್ತಿಗೆಯ ಅಲ್ಟ್ರಾಸೌಂಡ್ ಅಗ್ಗವಾಗಿ ಸಿಗತೊಡಗಿ, 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರ್ 1993ರ ಹದಿನೈದು ಪಟ್ಟಾಯಿತು. ಅದರಿಂದ ಸಾಯುವವರ ಪ್ರಮಾಣ ಇದ್ದಲ್ಲೇ ಇತ್ತು. ಸಾವಿರಾರು ಜನ ಥೈರಾಯ್ಡ್ ಗ್ರಂಥಿ ಕಳೆದುಕೊಂಡು ಜೀವನಪೂರ್ತಿ ಮಾತ್ರೆ ನುಂಗುವಂತಾಯಿತು.

ಬ್ರಿಟನ್ನಿನ ಅಂಡಾಶಯ ಕ್ಯಾನ್ಸರ್ ಅಧ್ಯಯನವನ್ನು ನಮ್ಮ ಓದುಗರು ವಿಶೇಷವಾಗಿ ಗಮನಿಸಬೇಕು. ಎರಡು ಲಕ್ಷಕ್ಕೂ ಹೆಚ್ಚು ಮಹಿಳೆಯರು ಅದರಲ್ಲಿದ್ದರು. ಒಂದು ಗುಂಪಿಗೆ ವರ್ಷವರ್ಷವೂ ಸಿಎ-125 ರಕ್ತಪರೀಕ್ಷೆ. ಆ ಗುಂಪಿನಲ್ಲಿ ಮೊದಲ ಹಂತದ ಕ್ಯಾನ್ಸರ್ ಹೆಚ್ಚು ಸಿಕ್ಕಿತು, ನಾಲ್ಕನೇ ಹಂತದ್ದು ಕಡಿಮೆಯಾಯಿತು. ಯಾರಾದರೂ ಗೆದ್ದೆವು ಎನ್ನುವಂಥ ಫಲಿತಾಂಶ. ಆದರೂ 2021ರಲ್ಲಿ ಸಾವುಗಳನ್ನು ಎಣಿಸಿದಾಗ ತಪಾಸಣೆ ಆದವರಿಗೂ ಆಗದವರಿಗೂ ವ್ಯತ್ಯಾಸವಿರಲಿಲ್ಲ. ಇದೇ ಸಿಎ-125 ಇಂದು ನಮ್ಮ ಊರುಗಳ ಲ್ಯಾಬುಗಳ ‘ಫುಲ್ ಬಾಡಿ ಚೆಕಪ್’ ಪಟ್ಟಿಗಳಲ್ಲಿ ಸೇರಿಕೊಂಡಿದೆ. ಯಾವ ತೊಂದರೆಯೂ ಇಲ್ಲದ ಹೆಂಗಸಿಗೆ ಆ ಪರೀಕ್ಷೆಯಿಂದ ಸಿಗುವುದು ಭಯ ಮಾತ್ರ. ಮುಟ್ಟು, ಎಂಡೊಮೆಟ್ರಿಯೋಸಿಸ್‌ನಂಥ ಕಾರಣಗಳಿಗೂ ಆ ಅಂಕಿ ಏರುತ್ತದೆ.

ಎಲ್ಲವೂ ಸೋತಿತೆಂದಲ್ಲ. ಬಹುಕಾಲ ಧೂಮಪಾನ ಮಾಡಿದವರಿಗೆ ಕಡಿಮೆ ವಿಕಿರಣದ ಸಿಟಿ ಸ್ಕ್ಯಾನ್ ಮಾಡಿದ ಅಮೆರಿಕದ ಅಧ್ಯಯನದಲ್ಲಿ, ಎದೆಯ ಎಕ್ಸ್-ರೇ ಆದವರಿಗಿಂತ ಶ್ವಾಸಕೋಶದ ಕ್ಯಾನ್ಸರ್ ಸಾವು ಶೇ 20ರಷ್ಟು ಕಡಿಮೆಯಿತ್ತು.

ಈಗ ಎಲ್ಲರ ಕಣ್ಣು ಒಂದೇ ರಕ್ತದ ಮಾದರಿಯಲ್ಲಿ ಹತ್ತಾರು ಕ್ಯಾನ್ಸರ್ ಹುಡುಕುವ ಪರೀಕ್ಷೆಗಳ ಮೇಲಿದೆ. ಸಾಯುವ ಜೀವಕೋಶಗಳ ಡಿಎನ್ಎ ಚೂರುಗಳು ರಕ್ತದಲ್ಲಿ ತೇಲುತ್ತವೆ. ರಕ್ತದಲ್ಲಿ ಡಿಎನ್ಎ ಇರುವುದು ಫ್ರಾನ್ಸಿನಲ್ಲಿ 1948ರಲ್ಲೇ ಗೊತ್ತಾಗಿತ್ತು. 1997ರಲ್ಲಿ ಡೆನ್ನಿಸ್ ಲೋ ಮತ್ತು ಸಂಗಡಿಗರು ಗರ್ಭಿಣಿಯ ರಕ್ತದಲ್ಲಿ ಮಗುವಿನ ಡಿಎನ್ಎ ಕಂಡರು. ಈ ತಿಳಿವಿನಿಂದ ಮುಂದೆ ಮಗುವಿಗೆಂದು ಬಂದ ರಕ್ತಪರೀಕ್ಷೆಗಳಲ್ಲಿ ಕೆಲವೊಮ್ಮೆ ವಿಚಿತ್ರ ಫಲಿತಾಂಶ ಬಂದಾಗ, ಕಾರಣ ತಾಯಿಯ ಮೈಯಲ್ಲಿ ಅಡಗಿದ್ದ ಕ್ಯಾನ್ಸರ್ ಎಂದು ತಿಳಿಯಿತು. ಇವತ್ತಿನ ಪರೀಕ್ಷೆಗಳಲ್ಲಿ ಹಲವು ಡಿಎನ್ಎ ಮೇಲಿನ ಮೀಥೈಲ್ ಗುರುತುಗಳನ್ನು ಓದಿ, ಕ್ಯಾನ್ಸರ್ ಇದೆಯೇ, ಇದ್ದರೆ ಯಾವ ಅಂಗದ್ದು ಎಂದು ಊಹಿಸುತ್ತವೆ. ಅಮೆರಿಕದ ಗ್ಯಾಲರಿ ಇವುಗಳಲ್ಲಿ ಹೆಸರುವಾಸಿ. 2024ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಸ್ಟ್ರಾಂಡ್ ಲೈಫ್ ಸೈನ್ಸಸ್ ಕೂಡ ಕ್ಯಾನ್ಸರ್‌ಸ್ಪಾಟ್ ಎಂಬ ಇಂಥ ಪರೀಕ್ಷೆಯನ್ನು ಹೊರತಂದಿತು.

ವಿಜ್ಞಾನವಾಗಿ ಇದು ಬೆರಗು ಹುಟ್ಟಿಸುವಂಥದ್ದು. ಅಂಕಿಗಳನ್ನು ಮಾತ್ರ ನಿಧಾನವಾಗಿ ಓದಬೇಕು. 2021ರ ವರದಿಯಲ್ಲಿ ಗ್ಯಾಲರಿ ನಾಲ್ಕನೇ ಹಂತದ ಕ್ಯಾನ್ಸರುಗಳಲ್ಲಿ ಶೇ 90ರಷ್ಟನ್ನು ಹಿಡಿಯಿತು. ಮೊದಲ ಹಂತದವುಗಳಲ್ಲಿ ಶೇ 17ರಷ್ಟನ್ನು ಮಾತ್ರ. ಬೇಗ ಹಿಡಿಯಲೆಂದೇ ಮಾಡಿದ ಪರೀಕ್ಷೆ ಆರಂಭದ ಹಂತದಲ್ಲೇ ಅತಿ ದುರ್ಬಲ. ಗಡ್ಡೆ ಚಿಕ್ಕದಿದ್ದಾಗ ಅದು ರಕ್ತಕ್ಕೆ ಬಿಡುವ ಡಿಎನ್ಎ ಕೂಡ ಅತ್ಯಲ್ಪ. ಇರದ ಚೂರನ್ನು ಯಂತ್ರ ಓದಲಾರದು. 2023ರಲ್ಲಿ ಪ್ರಕಟವಾದ ಪಾತ್‌ಫೈಂಡರ್ ಅಧ್ಯಯನದಲ್ಲಿ 6,621 ಜನರ ಪೈಕಿ 92 ಮಂದಿಗೆ ಪಾಸಿಟಿವ್ ಬಂತು. ನಿಜವಾಗಿ ಕ್ಯಾನ್ಸರ್ ಇದ್ದದ್ದು 35 ಮಂದಿಗೆ. ಉಳಿದ 57 ಮಂದಿ ಎಲ್ಲೋ ಕ್ಯಾನ್ಸರ್ ಇದೆಯೆಂಬ ಚೀಟಿ ಹಿಡಿದು ಸ್ಕ್ಯಾನಿಂದ ಸ್ಕ್ಯಾನಿಗೆ ಅಲೆದರು. ಇಂಗ್ಲೆಂಡಿನಲ್ಲಿ ಸುಮಾರು 1,40,000 ಜನರನ್ನು ಸೇರಿಸಿಕೊಂಡು ಶುರುವಾದ ದೊಡ್ಡ ಅಧ್ಯಯನ ಮೊದಲು ಕೇಳಿದ ಪ್ರಶ್ನೆಯೂ ಮೂರು ಮತ್ತು ನಾಲ್ಕನೇ ಹಂತದ ಕ್ಯಾನ್ಸರ್ ಕಡಿಮೆಯಾಗುತ್ತದೆಯೇ ಎಂಬುದು. ಅಂಡಾಶಯದ ಅಧ್ಯಯನ ನಮಗೆ ಕಲಿಸಿದ್ದು, ಆ ಪ್ರಶ್ನೆಯ ಉತ್ತರ ಸಾವಿನ ಪ್ರಶ್ನೆಯ ಉತ್ತರವಲ್ಲ ಎಂದೇ ಅಲ್ಲವೇ?

ಇನ್ನೊಂದು ಹೊಸ ಪರೀಕ್ಷೆಯೂ ಇದೆ. ಅದಕ್ಕೆ ಇಷ್ಟು ಪ್ರಚಾರವಿಲ್ಲ, ಆದರೆ ಅದು ಗೆದ್ದದ್ದು ನಮ್ಮ ಬೀದರ್, ಕಲಬುರಗಿಗಳ ಪಕ್ಕದಲ್ಲೇ. ಮಹಾರಾಷ್ಟ್ರದ ಉಸ್ಮಾನಾಬಾದ್ (ಈಗ ಧಾರಾಶಿವ್) ಜಿಲ್ಲೆಯ ಹಳ್ಳಿಗಳ 1,31,746 ಮಹಿಳೆಯರನ್ನು ನಾಲ್ಕು ಗುಂಪು ಮಾಡಲಾಯಿತು. ಒಂದಕ್ಕೆ ಗರ್ಭಕಂಠದ ಕ್ಯಾನ್ಸರಿಗೆ ಕಾರಣವಾಗುವ ಎಚ್‌ಪಿವಿ ವೈರಸ್ಸಿನ ಡಿಎನ್ಎ ಪರೀಕ್ಷೆ, ಇನ್ನೊಂದಕ್ಕೆ ಪ್ಯಾಪ್, ಮತ್ತೊಂದಕ್ಕೆ ವಿನೆಗರ್ ಹಚ್ಚಿ ಬರಿಗಣ್ಣಿನಲ್ಲಿ ನೋಡುವ ವಿಐಎ, ನಾಲ್ಕನೆಯದಕ್ಕೆ ಎಂದಿನ ವೈದ್ಯಸೇವೆ ಮಾತ್ರ. 2009ರಲ್ಲಿ ಡಾ. ಶಂಕರನಾರಾಯಣನ್ ಮತ್ತು ಸಂಗಡಿಗರು ಫಲಿತಾಂಶ ಪ್ರಕಟಿಸಿದರು. ತಪಾಸಣೆ ಸಿಗದ ಗುಂಪಿನಲ್ಲಿ ಗರ್ಭಕಂಠದ ಕ್ಯಾನ್ಸರಿನಿಂದ 64 ಸಾವು, ಎಚ್‌ಪಿವಿ ಗುಂಪಿನಲ್ಲಿ 34. ಜೀವನದಲ್ಲಿ ಒಂದೇ ಸಲ ಮಾಡಿದ ಪರೀಕ್ಷೆ ಸಾವನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸಿತು. ಪ್ಯಾಪ್ ಮತ್ತು ವಿಐಎ ಗುಂಪುಗಳಲ್ಲಿ ಗಣನೀಯ ಇಳಿಕೆ ಕಾಣಲಿಲ್ಲ. ತಪಾಸಣೆ ಕೊಡದೆ ಒಂದು ಗುಂಪನ್ನು ಬಿಟ್ಟದ್ದು ಸರಿಯೇ ಎಂಬ ಆಕ್ಷೇಪ ನಂತರ ಗಟ್ಟಿಯಾಗಿಯೇ ಎದ್ದಿತು, ಏಳಬೇಕಾದದ್ದೇ. ಅಷ್ಟು ಬೆಲೆ ತೆತ್ತು ಪಡೆದ ತಿಳಿವಳಿಕೆಯನ್ನು ಬಳಸದೆ ಕೂರುವುದು ಅದಕ್ಕಿಂತ ದೊಡ್ಡ ಅನ್ಯಾಯ.

ಬಳಸಿದವರು ಬೇರೆಯವರು. 2017ರ ಕೊನೆಯಲ್ಲಿ ಆಸ್ಟ್ರೇಲಿಯಾ ಪ್ಯಾಪ್ ಬಿಟ್ಟು ಎಚ್‌ಪಿವಿ ಪರೀಕ್ಷೆಗೆ ಬದಲಾಯಿತು. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನೇ ಮೊದಲ ಆಯ್ಕೆಯಾಗಿ ಸೂಚಿಸಿತು. ಮಹಿಳೆ ತಾನೇ ಮಾದರಿ ತೆಗೆದುಕೊಟ್ಟರೂ ಸಾಕು ಎಂದಿತು. ಪರೀಕ್ಷೆಯ ಮೇಜಿನ ಮೇಲೆ ಮಲಗಲು ನಾಚಿ ಹಿಂದೆ ಸರಿಯುವ ನಮ್ಮ ತಾಯಂದಿರಿಗೆ ಇದಕ್ಕಿಂತ ಹೊಂದುವ ವಿಧಾನ ನನಗೆ ತಿಳಿದಿಲ್ಲ. ಭಾರತದಲ್ಲಿ 2022ರ ಅಂದಾಜಿನಂತೆ ಗರ್ಭಕಂಠದ ಕ್ಯಾನ್ಸರಿನಿಂದ ಸತ್ತವರು ಸುಮಾರು 80,000 ಮಹಿಳೆಯರು. 2016ರ ರಾಷ್ಟ್ರೀಯ ಮಾರ್ಗಸೂಚಿ ಆರಿಸಿಕೊಂಡದ್ದು ವಿಐಎಯನ್ನು. ಅದಾದರೂ ತಲುಪಿತೇ? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 30ರಿಂದ 49 ವಯಸ್ಸಿನ ಮಹಿಳೆಯರ ಪೈಕಿ ಗರ್ಭಕಂಠದ ತಪಾಸಣೆ ಒಮ್ಮೆಯಾದರೂ ಆಗಿದ್ದವರು ಶೇ 1.9.

ಬಾಯಿ ಕ್ಯಾನ್ಸರಿನದೂ ಇದೇ ಕಥೆ. ತಿರುವನಂತಪುರದ ಹಳ್ಳಿಗಳಲ್ಲಿ ತರಬೇತಾದ ಕಾರ್ಯಕರ್ತರು ಬಾಯಿ ತೆರೆಸಿ ನೋಡಿದ್ದರಿಂದಲೇ ತಂಬಾಕು, ಮದ್ಯ ಬಳಸುವವರಲ್ಲಿ ಸಾವು ಶೇ 34ರಷ್ಟು ಇಳಿದದ್ದು 2005ರಲ್ಲಿ ವರದಿಯಾಯಿತು. ಕವಳ, ಗುಟ್ಕಾ ಬಿಡದ ನಮ್ಮ ಜಿಲ್ಲೆಗಳಿಗೆ ಒಂದು ಟಾರ್ಚು ಮತ್ತು ನುರಿತ ಕಣ್ಣು ಈಗಲೂ ಸಾಕಾಗುವ ಉಪಕರಣ.

ಹಾಗಾಗಿ ಸರ್ಕಾರದ ಹಣ ಮೊದಲು ಎಚ್‌ಪಿವಿ ಕಿಟ್‌ಗೆ ಹೋಗಬೇಕು, ಅದರ ಬೆನ್ನಿಗೇ ಪಾಸಿಟಿವ್ ಬಂದವರ ಚಿಕಿತ್ಸೆಗೆ ಹೋಗಬೇಕು. ಆಶಾ ಕಾರ್ಯಕರ್ತೆ ಮಾದರಿ ತಂದುಕೊಟ್ಟ ಮೇಲೆ ಫಲಿತಾಂಶವನ್ನು ಮಹಿಳೆಗೆ ತಿಳಿಸುವವರು ಯಾರು, ಕ್ಯಾನ್ಸರಿಗೆ ಮುಂಚಿನ ಹಂತವನ್ನು ಕೆಲವೇ ನಿಮಿಷದಲ್ಲಿ ಸುಡುವ ಥರ್ಮಲ್ ಅಬ್ಲೇಶನ್ ಯಂತ್ರ ಯಾವ ತಾಲ್ಲೂಕು ಆಸ್ಪತ್ರೆಯಲ್ಲಿದೆ, ಆ ದಿನದ ಕೂಲಿ ಬಿಟ್ಟು ಬರುವವಳಿಗೆ ಬಸ್ಸಿನ ಖರ್ಚು ಯಾರದು ಎಂಬುದೆಲ್ಲ ಕಿಟ್ ಕೊಳ್ಳುವ ಮೊದಲೇ ಕಾಗದದ ಮೇಲೆ ಇರಬೇಕು.