ಬಾನಾಮತಿ ಮಾಡಿದವರು ಯಾರು? ಸೇಲಂನ ಮಾಟಗಾತಿ ವಿಚಾರಣೆ ಹೇಳುವ ಉತ್ತರ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆಯವರಿಗೆ ಬಾನಾಮತಿ ಅಂದರೆ ಏನು ಅಂತ ಹೇಳಿಕೊಡಬೇಕಿಲ್ಲ. ರಾತ್ರಿ ಮನೆಯ ಮೇಲೆ ಕಲ್ಲು ಬೀಳುತ್ತವೆ. ಪೆಟ್ಟಿಗೆಯಲ್ಲಿಟ್ಟ ಸೀರೆ ತಾನಾಗಿ ಹೊತ್ತಿಕೊಳ್ಳುತ್ತದೆ. ಸೊಸೆಯ ಮೈಮೇಲೆ ಬರೆ ಮೂಡುತ್ತದೆ, ಹೆಣ್ಣುಮಕ್ಕಳು ನಾಯಿಯಂತೆ ಬೊಗಳುತ್ತಾರೆ. ಕಲಬುರಗಿ, ಬೀದರ್, ಆಚೆ ತೆಲಂಗಾಣದ ಮೇದಕ್, ಮಹಾರಾಷ್ಟ್ರದ ಮರಾಠವಾಡ, ಹೀಗೆ ಹಳೆಯ ನಿಜಾಮರ ಸೀಮೆಯುದ್ದಕ್ಕೂ ಈ ಕಥೆಗಳಿವೆ. ಮೊದಲು ಕಟ್ಟೆಯ ಮೇಲೆ ಹೇಳುತ್ತಿದ್ದುದನ್ನು ಈಗ ವಿಡಿಯೊ ಮಾಡಿ ವಾಟ್ಸಾಪ್ ಗ್ರೂಪಿಗೆ ಹಾಕುತ್ತಾರೆ, ಅಷ್ಟೇ ವ್ಯತ್ಯಾಸ.

ಇಂಥ ಫಾರ್ವರ್ಡ್ ಬಂದಾಗ ಎರಡು ಪ್ರಶ್ನೆ ಏಳುತ್ತವೆ. ಒಂದು, ಇದು ನಿಜವೇ? ಇನ್ನೊಂದು, ಮಾಡಿಸಿದವರು ಯಾರು? ಜೀವಕ್ಕೆ ಅಪಾಯ ತರುವುದು ಎರಡನೆಯದು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಲೆಕ್ಕದಂತೆ 2022ರಲ್ಲಿ ದೇಶದಲ್ಲಿ 85 ಕೊಲೆಗಳಿಗೆ ಮಾಟಮಂತ್ರದ ಶಂಕೆಯೇ ಕಾರಣ. ಈ ಎರಡನೆಯ ಪ್ರಶ್ನೆಯನ್ನು ಇತಿಹಾಸಕಾರರು ಅತ್ಯಂತ ಆಳವಾಗಿ ಬಗೆದು ನೋಡಿರುವುದು ಅಮೆರಿಕದ ಒಂದು ಹಳ್ಳಿಯಲ್ಲಿ.

1692, ಸೇಲಂ

ತಮಿಳುನಾಡಿನ ಸೇಲಂ ಅಲ್ಲ. ಆಗ ಬ್ರಿಟಿಷರ ವಸಾಹತಾಗಿದ್ದ ಮ್ಯಾಸಚೂಸೆಟ್ಸ್‌ನ ಸೇಲಂ. ಅಲ್ಲಿನ ಪಾದ್ರಿಯ 9 ವರ್ಷದ ಮಗಳು ಮತ್ತು ಅವರ ಮನೆಯಲ್ಲೇ ಇದ್ದ 11 ವರ್ಷದ ಹುಡುಗಿ ಇದ್ದಕ್ಕಿದ್ದಂತೆ ಕಿರುಚುವುದು, ಮೈ ತಿರುಚುವುದು ಶುರುವಾಯಿತು. ನೋಡಲು ಬಂದ ವೈದ್ಯ ಇದು ಮಾಟ ಎಂದ. ಯಾರು ಮಾಡಿದ್ದು ಅಂತ ದೊಡ್ಡವರು ಒತ್ತಾಯ ಮಾಡಿ ಕೇಳಿದಾಗ ಮೂರು ಹೆಸರು ಹೊರಬಂದವು. ಟಿಟುಬಾ, ಪಾದ್ರಿಯ ಮನೆಯ ಗುಲಾಮಳು. ಸಾರಾ ಗುಡ್, ಮನೆಮನೆ ತಿರುಗಿ ಬೇಡುತ್ತಿದ್ದವಳು. ಸಾರಾ ಓಸ್‌ಬೋರ್ನ್, ಗಂಡನ ಆಸ್ತಿಯ ವಿಷಯದಲ್ಲಿ ಬಂಧುಗಳೊಂದಿಗೆ ಜಗಳವಿದ್ದವಳು. ಮೂವರ ಪರವಾಗಿಯೂ ಮಾತಾಡುವವರು ಊರಲ್ಲಿ ಇರಲಿಲ್ಲ.

ಆಮೇಲೆ ಹೆಸರುಗಳು ಬೆಳೆಯುತ್ತಾ ಹೋದವು. 150ಕ್ಕೂ ಹೆಚ್ಚು ಜನರ ಮೇಲೆ ಆರೋಪ ಬಂತು. ಸಾರಾ ಗುಡ್‌ಳ ನಾಲ್ಕೈದು ವರ್ಷದ ಮಗಳಿಗೂ ಸರಪಳಿ ಬಿಗಿದು ಜೈಲಿಗೆ ಹಾಕಿದರು. 14 ಹೆಂಗಸರು, 5 ಗಂಡಸರು, ಒಟ್ಟು 19 ಜನರನ್ನು ಗಲ್ಲಿಗೇರಿಸಿದರು. ಕೋರ್ಟಿನ ವಿಚಾರಣೆಗೆ ಒಪ್ಪದ ಜೈಲ್ಸ್ ಕೋರಿ ಎಂಬ ಸುಮಾರು 80 ವರ್ಷದ ಮುದುಕನ ಎದೆಯ ಮೇಲೆ ಕಲ್ಲು ಹೇರುತ್ತಾ ಹೋಗಿ ಕೊಂದರು. ಜೈಲಿನಲ್ಲೇ ಸತ್ತವರು ಬೇರೆ.

ಸೇಲಂನಲ್ಲಿ ಮಾಟಗಾತಿಯರನ್ನು ಜೀವಂತ ಸುಟ್ಟರು ಅನ್ನುವ ಪೋಸ್ಟ್ ನೋಡಿದ್ದರೆ ಅದು ತಪ್ಪು. ಸುಡುತ್ತಿದ್ದುದು ಯುರೋಪಿನ ಹಲವು ದೇಶಗಳಲ್ಲಿ. ಇಂಗ್ಲಿಷ್ ಕಾನೂನಿನ ಪ್ರಕಾರ ಮಾಟಕ್ಕೆ ಶಿಕ್ಷೆ ಗಲ್ಲು.

ಸಾಕ್ಷಿ ಏನಿತ್ತು? 'ಇವಳ ಛಾಯೆ ಬಂದು ನನ್ನನ್ನು ಚಿವುಟಿತು' ಎಂಬ ಹುಡುಗಿಯರ ಮಾತು. ಆ ಹೊತ್ತಿಗೆ ಆರೋಪಿ ತನ್ನ ಮನೆಯಲ್ಲಿ ಮಲಗಿದ್ದರೂ ಸರಿ, ಬಂದಿದ್ದು ಛಾಯೆ ತಾನೆ! ಇದನ್ನು ಸುಳ್ಳು ಅಂತ ತೋರಿಸಲು ಯಾರಿಂದಲೂ ಸಾಧ್ಯವಿಲ್ಲ. ಇನ್ನೊಂದು ವಿಚಿತ್ರ ನೋಡಿ: ತಪ್ಪೊಪ್ಪಿಕೊಂಡ ಟಿಟುಬಾ ಬದುಕಿದಳು, ಒಪ್ಪದ ಸಾರಾ ಗುಡ್ ಗಲ್ಲಿಗೆ ಹೋದಳು.

ಇತಿಹಾಸಕಾರರು ಏನು ಮಾಡಿದರು?

1974ರಲ್ಲಿ ಪಾಲ್ ಬೋಯರ್ ಮತ್ತು ಸ್ಟೀಫನ್ ನಿಸೆನ್‌ಬಾಮ್ ಎಂಬ ಇಬ್ಬರು ದೆವ್ವವನ್ನು ಪಕ್ಕಕ್ಕಿಟ್ಟು ಕಂದಾಯದ ಪಟ್ಟಿ, ಚರ್ಚಿನ ಜಗಳದ ಅರ್ಜಿ, ಜಮೀನಿನ ಪತ್ರಗಳನ್ನು ಓದಿದರು. ನಕ್ಷೆಯಲ್ಲಿ ಚುಕ್ಕೆ ಇಟ್ಟು ನೋಡಿದಾಗ ಆರೋಪ ಮಾಡಿದವರು ಹೆಚ್ಚಾಗಿ ಊರಿನ ಪಶ್ಚಿಮದವರು, ಆರೋಪ ಹೊತ್ತವರು ಪೂರ್ವದವರು ಎಂದು ಕಂಡಿತು. ನಂತರ ಬೆಂಜಮಿನ್ ರೇ ಅದೇ ನಕ್ಷೆಯನ್ನು ಮತ್ತೆ ಪರಿಶೀಲಿಸಿ, ಇದು ಅಷ್ಟು ಸರಳವಾಗಿಲ್ಲ ಎಂದು ತೋರಿಸಿದರು. ಇತಿಹಾಸ ಬೆಳೆಯುವುದೇ ಹೀಗೆ, ಒಬ್ಬರ ಲೆಕ್ಕವನ್ನು ಇನ್ನೊಬ್ಬರು ತಾಳೆ ನೋಡುತ್ತಾರೆ.

ನನಗೆ ಹೆಚ್ಚು ಹಿಡಿಸಿದ್ದು ಮೇರಿ ಬೆತ್ ನಾರ್ಟನ್ ಅವರ ಕೆಲಸ. 1971ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಇತಿಹಾಸ ವಿಭಾಗ ಸೇರಿದ ಮೊದಲ ಮಹಿಳೆ ಅವರು. ಮೊದಲ ಪುಸ್ತಕ ಅಮೆರಿಕದ ಕ್ರಾಂತಿಯ ವೇಳೆ ಬ್ರಿಟನ್ನಿಗೆ ಓಡಿಹೋದ ನಿರಾಶ್ರಿತರ ಬಗ್ಗೆ. ಆಮೇಲೆ ಆ ಕಾಲದ ಹೆಂಗಸರ ಬದುಕಿನ ಬಗ್ಗೆ ಬರೆದರು. ಸೇಲಂ ಕುರಿತ ಪುಸ್ತಕ ಬಂದಿದ್ದು 2002ರಲ್ಲಿ, ಅಂದರೆ ಕೆಲಸಕ್ಕೆ ಸೇರಿ ಮೂರು ದಶಕದ ನಂತರ.

ಅವರ ಉಪಾಯ ಸರಳ. ದಾಖಲೆಗಳನ್ನು ದಿನಾಂಕದ ಪ್ರಕಾರ ಜೋಡಿಸಿ, ಆಯಾ ವಾರ ಊರಿನವರ ಕಿವಿಗೆ ಬೇರೆ ಯಾವ ಸುದ್ದಿ ಬೀಳುತ್ತಿತ್ತು ಎಂದು ಹುಡುಕಿದರು. ಉತ್ತರದ ಗಡಿಯಲ್ಲಿ ಮೂಲನಿವಾಸಿ ವಬನಾಕಿಗಳ ಜೊತೆ ಯುದ್ಧ ನಡೆದಿತ್ತು, ಊರೂರೇ ಸುಟ್ಟುಹೋಗಿದ್ದವು. ಮೈಮೇಲೆ ಬಂದಂತೆ ಆಡುತ್ತಿದ್ದ ಹುಡುಗಿಯರಲ್ಲಿ ಕೆಲವರು ಆ ಗಡಿಯಿಂದ ಬಂದ ನಿರಾಶ್ರಿತರು. ಮರ್ಸಿ ಲೂಯಿಸ್ ಎಂಬವಳು ಅಲ್ಲಿ ತಂದೆತಾಯಿಯನ್ನು ಕಳೆದುಕೊಂಡು ಸೇಲಂನಲ್ಲಿ ಮನೆಗೆಲಸಕ್ಕಿದ್ದಳು. ಅವಳು ಬೊಟ್ಟು ಮಾಡಿದವರಲ್ಲಿ ಅದೇ ಗಡಿಯ ಊರಿನಲ್ಲಿ ಪಾದ್ರಿಯಾಗಿದ್ದ ಜಾರ್ಜ್ ಬರೋಸ್ ಒಬ್ಬ. ಅವನನ್ನೂ ಗಲ್ಲಿಗೇರಿಸಿದರು. ಹುಡುಗಿಯರ ಭಯ ನಿಜವಾದದ್ದು, ಅದಕ್ಕೆ ಕೊಟ್ಟ ಕಾರಣ ಸುಳ್ಳು.

'ಕೆಟ್ಟ ಧಾನ್ಯ ತಿಂದು ಭ್ರಮೆ ಹಿಡಿದಿತ್ತು' ಎಂಬ ವಾದವೂ ಆಗಾಗ ಫಾರ್ವರ್ಡ್ ಆಗುತ್ತದೆ. 1976ರಲ್ಲಿ ಲಿಂಡಾ ಕ್ಯಾಪೊರೇಲ್ ಹೀಗೆ ಬರೆದಿದ್ದು ನಿಜ. ರೈ ಎಂಬ ಧಾನ್ಯದ ತೆನೆಗೆ ಬರುವ ಅರ್ಗಟ್ ಬೂಸ್ಟು ಇದಕ್ಕೆ ಕಾರಣ ಎಂದಿದ್ದರು. ನಮ್ಮ ಸಜ್ಜೆ, ಜೋಳದ ತೆನೆಯಿಂದ ಜೇನಿನಂಥ ಅಂಟು ಸೋರುವ ರೋಗ ಬರುತ್ತದಲ್ಲ, ಅದು ಈ ಬೂಸ್ಟಿನ ಬಳಗವೇ. ಆದರೆ ಅದೇ ವರ್ಷ ಸ್ಪಾನೋಸ್ ಮತ್ತು ಗಾಟ್ಲೀಬ್ ಇದನ್ನು ಅಲ್ಲಗಳೆದರು. ಧಾನ್ಯ ಕೆಟ್ಟಿದ್ದರೆ ಮನೆಮಂದಿಗೆಲ್ಲ ಕಾಯಿಲೆ ಬರಬೇಕಿತ್ತು. ಆರೋಪಿ ಎದುರು ಬಂದಾಗ ಶುರುವಾಗಿ, ಆಕೆ ಮುಟ್ಟಿದ ಕೂಡಲೇ ನಿಲ್ಲುವ ವಿಷ ಯಾವುದೂ ಇಲ್ಲ.

ಹಾಗಾದರೆ ನಮ್ಮಲ್ಲಿ ಬೀಳುವ ಕಲ್ಲು?

ಕಲ್ಲು ಎಸೆಯುವುದು ಕೈ. ಶಹಾಬಾದ್ ಫರಸಿಯ ಮನೆಯಿರಲಿ, ತಗಡಿನ ಮನೆಯಿರಲಿ, ನಾಲ್ಕೂ ದಿಕ್ಕಿಗೆ ಜನ ಕಾವಲು ಕೂತರೆ ಕಲ್ಲು ನಿಲ್ಲುತ್ತದೆ. ಬಟ್ಟೆ ಹೊತ್ತಲು ಬಿಳಿ ರಂಜಕ ಸಾಕು. ಒದ್ದೆಯಿರುವವರೆಗೆ ಸುಮ್ಮನಿದ್ದು, ಒಣಗಿ ಗಾಳಿಗೆ ತಾಗಿದಾಗ ಸುಮಾರು 30 ಡಿಗ್ರಿ ಶಾಖಕ್ಕೇ ಅದು ಉರಿಯುತ್ತದೆ. ನಮ್ಮ ಬೇಸಿಗೆ ಎಷ್ಟಿರುತ್ತದೆ ನಿಮಗೇ ಗೊತ್ತು. ಮೈಮೇಲಿನ ಬರೆ, ಅಕ್ಷರಗಳಿಗೆ ಅಗಸರು ಬಟ್ಟೆಗೆ ಗುರುತು ಹಾಕಲು ಬಳಸುತ್ತಿದ್ದ ಕೇರುಬೀಜದ ರಸ ಸಾಕು. ಭಿಲಾವ ಅಂತಲೂ ಕರೆಯುವ ಅದು ಚರ್ಮಕ್ಕೆ ತಾಗಿದರೆ ಗುಳ್ಳೆ ಏಳುತ್ತದೆ. 1980ರ ದಶಕದಲ್ಲಿ ವಿಜಯವಾಡದ ನಾಸ್ತಿಕ ಕೇಂದ್ರದವರು ವೈದ್ಯರನ್ನು ಕರೆದುಕೊಂಡು ಮೇದಕ್ ಜಿಲ್ಲೆಯ ಹಳ್ಳಿಗಳಿಗೆ ಹೋಗಿ ಬಾನಾಮತಿ ಪ್ರಕರಣಗಳನ್ನು ತನಿಖೆ ಮಾಡಿದ್ದರು.

ಬೊಗಳುವ, ಮೈಮೇಲೆ ಬರುವ ಹೆಣ್ಣುಮಕ್ಕಳದ್ದು ಬೇರೆ ವಿಷಯ. ಅವರೆಲ್ಲ ನಾಟಕ ಮಾಡುತ್ತಿದ್ದಾರೆ ಅನ್ನುವುದು ಅನ್ಯಾಯ. ಹೇಳಿಕೊಳ್ಳಲಾಗದ ಸಂಕಟ ಮೈಯಲ್ಲಿ ಹೀಗೆ ಹೊರಬರಬಹುದು, ಒಬ್ಬಳನ್ನು ನೋಡಿ ಇನ್ನೊಬ್ಬಳಿಗೂ ಬರಬಹುದು. ಇದಕ್ಕೆ ಮನೋವೈದ್ಯಶಾಸ್ತ್ರದಲ್ಲಿ ಹೆಸರಿದೆ, ಚಿಕಿತ್ಸೆಯೂ ಇದೆ. ನಿಮ್ಹಾನ್ಸ್‌ನಲ್ಲಿದ್ದ, 2024ರಲ್ಲಿ ಪದ್ಮಶ್ರೀ ಪಡೆದ ಡಾ. ಸಿ.ಆರ್. ಚಂದ್ರಶೇಖರ್ ಮೈಮೇಲೆ ಬರುವುದರ ಬಗ್ಗೆ ಅಧ್ಯಯನ ಮಾಡಿ, ಮನೋರೋಗಗಳ ಕುರಿತು ಸಾಮಾನ್ಯರಿಗೂ ತಿಳಿಯುವ ಕನ್ನಡದಲ್ಲಿ ಹಲವಾರು ಪುಸ್ತಕ ಬರೆದಿದ್ದಾರೆ.

ಮಂತ್ರವಾದಿ ಬಂದು 'ಮೂಡಣ ದಿಕ್ಕಿನ ಮನೆ, ಒಂಟಿ ಹೆಂಗಸು' ಅಂದಾಗ ನಡೆಯುವುದು ಸೇಲಂನ ಕೋರ್ಟಿನಲ್ಲಿ ನಡೆದದ್ದೇ. ಆ ಹೆಂಗಸು ತಾನು ಮಾಡಿಲ್ಲ ಅಂತ ಹೇಗೆ ತೋರಿಸಬೇಕು? ಅವಳ ಫೋಟೊ ಗ್ರೂಪಿನಲ್ಲಿ ಬಂದರಂತೂ ಸೇಡಂನಲ್ಲಿ ಹುಟ್ಟಿದ ಸುದ್ದಿ ಸಂಜೆಯೊಳಗೆ ಚಿಂಚೋಳಿಯ ತಾಂಡಾದಲ್ಲಿರುತ್ತದೆ.

ಸೇಲಂನಲ್ಲಿ 1692ರ ಅಕ್ಟೋಬರಿನಲ್ಲಿ ಗವರ್ನರ್ ಆ ಕೋರ್ಟನ್ನು ಮುಚ್ಚಿದ. ಮುಂದಿನ ಕೋರ್ಟು ಛಾಯೆಯ ಸಾಕ್ಷಿ ಒಪ್ಪಲಿಲ್ಲ, ಬಹುತೇಕ ಎಲ್ಲರೂ ಬಿಡುಗಡೆಯಾದರು. ತೀರ್ಪು ಕೊಟ್ಟವರಲ್ಲಿ ಒಬ್ಬನಾದ ಸ್ಯಾಮ್ಯುಯೆಲ್ ಸೀವಾಲ್ 1697ರಲ್ಲಿ ಚರ್ಚಿನಲ್ಲಿ ಎಲ್ಲರೆದುರು ಕ್ಷಮೆ ಕೇಳಿದ. ದಾಖಲೆಯಲ್ಲಿ ಅಪರಾಧಿಯಾಗಿಯೇ ಉಳಿದಿದ್ದ ಎಲಿಜಬೆತ್ ಜಾನ್ಸನ್ ಎಂಬವಳ ಹೆಸರು ಶುದ್ಧವಾಗಿದ್ದು 2022ರಲ್ಲಿ, ಅದೂ ಎಂಟನೇ ತರಗತಿ ಮಕ್ಕಳು ಮತ್ತು ಅವರ ಟೀಚರ್ ಬೆನ್ನು ಹತ್ತಿದ್ದರಿಂದ.

ನಮ್ಮಲ್ಲಿ ಅಷ್ಟು ಕಾಯಬೇಕಿಲ್ಲ. ಕರ್ನಾಟಕದ ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರ ತಡೆ ಕಾಯ್ದೆ 2017ರಲ್ಲಿ ಆಗಿ, 2020ರ ಜನವರಿಯಲ್ಲಿ ಜಾರಿಗೆ ಬಂದಿದೆ. ಅಪರಾಧಕ್ಕೆ ಒಂದರಿಂದ ಏಳು ವರ್ಷ ಜೈಲು, 5,000ದಿಂದ 50,000 ರೂಪಾಯಿವರೆಗೆ ದಂಡ. ಯಾರ ಮೇಲಾದರೂ ಜನ ಏರಿಹೋಗುವ ಸೂಚನೆ ಕಂಡರೆ 112ಕ್ಕೆ ಫೋನ್ ಮಾಡಿ. ಮನೆಯಲ್ಲಿ ಮೈಮೇಲೆ ಬರುವವರು, ಬೊಗಳುವವರು ಇದ್ದರೆ ಟೆಲಿ ಮಾನಸ್‌ನ 14416ಕ್ಕೆ ಮಾಡಿ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.