ಚಿಪ್ ಷೇರು ಕೊಳ್ಳೋ ಮುಂಚೆ: ಜನ ಹೇಳೋದೇನು, ದಾಖಲೆ ಹೇಳೋದೇನು?

ಬಸ್ ಸ್ಟ್ಯಾಂಡ್ ಪಕ್ಕದ ಮೊಬೈಲ್ ಅಂಗಡಿಯಿಂದ ಹಿಡಿದು ಎಪಿಎಂಸಿ ಯಾರ್ಡ್ ತನಕ ಈಗ ಷೇರಿನದ್ದೇ ಮಾತು. ದೇಶದಲ್ಲಿ ಡಿಮ್ಯಾಟ್ ಖಾತೆಗಳ ಸಂಖ್ಯೆ 2025ರಲ್ಲಿ 20 ಕೋಟಿ ದಾಟಿತು. ಹೊಸಬರಲ್ಲಿ ಹೆಚ್ಚು ಕೇಳಿಬರೋ ಪದ ‘ಸೆಮಿಕಂಡಕ್ಟರ್’. ಚೀಟಿ ಎತ್ತಿದ ದುಡ್ಡು, ಹಬ್ಬಕ್ಕೆ ಮಾಲು ತರಿಸಲು ಇಟ್ಟ ದುಡ್ಡು ಕೂಡ ಇದರ ಮೇಲೆ ಬೀಳ್ತಿದೆ. ಸಣ್ಣ ಹೂಡಿಕೆದಾರರು ಸಾಮಾನ್ಯವಾಗಿ ಹೇಳುವ ಆರು ಮಾತುಗಳು ಇಲ್ಲಿವೆ. ಪ್ರತಿಯೊಂದರ ಕೆಳಗೆ ವಾಸ್ತವ ಏನು ಅನ್ನೋದೂ ಇದೆ.

ಮೊದಲು ಇಷ್ಟು ತಿಳಿದಿರಲಿ

ಚಿಪ್ ತಯಾರಿಕೆಯಲ್ಲಿ ಮೂರು ಹಂತ. ಮೊದಲನೆಯದು ಡಿಸೈನ್, ಅಂದ್ರೆ ನಕ್ಷೆ ಹಾಕೋದು. ಬೆಂಗಳೂರಿನಲ್ಲಿ ಹೆಚ್ಚಾಗಿ ನಡೆಯೋದು ಇದೇ ಕೆಲಸ. ಎರಡನೆಯದು ಫ್ಯಾಬ್, ಸಿಲಿಕಾನ್ ಬಿಲ್ಲೆಯ ಮೇಲೆ ಚಿಪ್ ಮೂಡಿಸೋ ಕಾರ್ಖಾನೆ. ಇದಕ್ಕೆ ಬಂಡವಾಳವೂ ಸಮಯವೂ ಬಹಳ ಬೇಕು. ಮೂರನೆಯದು ಪ್ಯಾಕೇಜಿಂಗ್ ಮತ್ತು ಟೆಸ್ಟಿಂಗ್. ಮೂರಕ್ಕೂ ಖರ್ಚು ಬೇರೆ, ಲಾಭದ ಲೆಕ್ಕ ಬೇರೆ. ಕೇಂದ್ರ ಸರ್ಕಾರ 2021ರ ಡಿಸೆಂಬರ್‌ನಲ್ಲಿ ಈ ಕ್ಷೇತ್ರಕ್ಕೆ ₹76,000 ಕೋಟಿಯ ಯೋಜನೆ ಘೋಷಿಸಿತು. ಷೇರುಪೇಟೆಯ ಈಗಿನ ಉತ್ಸಾಹಕ್ಕೆ ದೊಡ್ಡ ಕಾರಣ ಅದೇ.

1. ‘ಟಾಟಾ ಚಿಪ್ ಮಾಡ್ತಿದೆ, ಟಾಟಾ ಷೇರು ತಗೊಂಡ್ರೆ ಸಾಕು’

ಗುಜರಾತಿನ ಧೋಲೇರಾದಲ್ಲಿ ತೈವಾನಿನ ಪಿಎಸ್‌ಎಂಸಿ ಜೊತೆ ಸೇರಿ ₹91,000 ಕೋಟಿಯ ಫ್ಯಾಬ್ ಕಟ್ಟುತ್ತಿರೋದು ಟಾಟಾ ಎಲೆಕ್ಟ್ರಾನಿಕ್ಸ್. ಅಸ್ಸಾಮಿನ ಜಾಗಿರೋಡ್‌ನಲ್ಲಿ ₹27,000 ಕೋಟಿಯ ಪ್ಯಾಕೇಜಿಂಗ್ ಘಟಕವೂ ಅದರದ್ದೇ. ಆದ್ರೆ ಈ ಕಂಪನಿ ಷೇರುಪೇಟೆಯಲ್ಲಿ ಲಿಸ್ಟ್ ಆಗಿಲ್ಲ. ಬೆಂಗಳೂರಿನ ಟಾಟಾ ಎಲೆಕ್ಸಿ ಬೇರೆಯೇ ಕಂಪನಿ, ಅದರದ್ದು ಡಿಸೈನ್ ಮತ್ತು ಎಂಜಿನಿಯರಿಂಗ್ ಸೇವೆ. ‘ಟಾಟಾ’ ಅನ್ನೋ ಹೆಸರು ಒಂದೇ ಅಂತ ಎಲೆಕ್ಸಿ ಷೇರು ಕೊಂಡವರು ಧೋಲೇರಾ ಕಾರ್ಖಾನೆಯ ಪಾಲುದಾರರಾಗಲ್ಲ.

2. ‘ಹೆಸರಲ್ಲೇ ಸೆಮಿಕಂಡಕ್ಟರ್ ಇದೆ, ದಿನಾ ಏರ್ತಿದೆ’

ಆರ್‌ಆರ್‌ಪಿ ಸೆಮಿಕಂಡಕ್ಟರ್ ಅನ್ನೋ ಕಂಪನಿಗೆ ಹಿಂದೆ ಇದ್ದ ಹೆಸರು ಜಿಡಿ ಟ್ರೇಡಿಂಗ್ ಅಂಡ್ ಏಜೆನ್ಸೀಸ್. 2024ರ ಏಪ್ರಿಲ್‌ನಲ್ಲಿ ₹20ರ ಆಸುಪಾಸಿನಲ್ಲಿದ್ದ ಷೇರು 2025ರಲ್ಲಿ ₹10,000 ದಾಟಿತು. ಚಿಪ್ ತಯಾರಿಕೆ ಇನ್ನೂ ಶುರುವೇ ಮಾಡಿಲ್ಲ ಅಂತ ಕಂಪನಿಯೇ ಷೇರುಪೇಟೆಗೆ ತಿಳಿಸಿತು. ನಂತರ ವಾರಕ್ಕೆ ಒಂದೇ ದಿನ ವಹಿವಾಟು ಅನ್ನೋ ನಿರ್ಬಂಧ ಬಂತು.

ಇಲ್ಲಿ ಅರ್ಥ ಮಾಡ್ಕೋಬೇಕಾದ್ದು ಸರ್ಕ್ಯೂಟ್ ವಿಚಾರ. ದಿನಾ ಅಪ್ಪರ್ ಸರ್ಕ್ಯೂಟ್ ಹೊಡೆಯೋ ಷೇರಿಗೆ ಮಾರುವವರು ಇರಲ್ಲ, ಹಾಗಾಗಿ ಕೊಳ್ಳೋಕೆ ಸಿಗಲ್ಲ. ಲೋವರ್ ಸರ್ಕ್ಯೂಟ್ ಶುರುವಾದ್ರೆ ಕೊಳ್ಳುವವರು ಇರಲ್ಲ. ಮೊಬೈಲಿನಲ್ಲಿ ಲಾಭ ಕಾಣುತ್ತೆ, ಕೈಗೆ ಬರಲ್ಲ.

3. ‘ನಮ್ಮ ಮೈಸೂರಿನ ಕಂಪನಿ, ನಂಬಬಹುದು’

ಕೇನ್ಸ್ ಟೆಕ್ನಾಲಜಿಯ ಮುಖ್ಯ ಕಚೇರಿ ಮೈಸೂರು. ಎಲೆಕ್ಟ್ರಾನಿಕ್ಸ್ ಬೋರ್ಡ್ ಜೋಡಿಸೋದು ಅದರ ಮೂಲ ವ್ಯವಹಾರ. ಅದರ ಅಂಗಸಂಸ್ಥೆ ಕೇನ್ಸ್ ಸೆಮಿಕಾನ್‌ಗೆ ಗುಜರಾತಿನ ಸಾನಂದ್‌ನಲ್ಲಿ ಪ್ಯಾಕೇಜಿಂಗ್ ಘಟಕ ಮಾಡಲು 2024ರ ಸೆಪ್ಟೆಂಬರ್‌ನಲ್ಲಿ ಒಪ್ಪಿಗೆ ಸಿಕ್ಕಿತು. ಅಂದ್ರೆ ಇದು ನಿಜಕ್ಕೂ ಕೆಲಸ ಇರೋ ಕಂಪನಿ.

ಬೆಲೆಯ ಕಥೆ ನೋಡಿ. 2022ರ ನವೆಂಬರ್‌ನ ಐಪಿಒದಲ್ಲಿ ಷೇರಿಗೆ ₹587. ಮುಂದೆ ₹7,000 ದಾಟಿತು. 2025ರ ಡಿಸೆಂಬರ್‌ನಲ್ಲಿ ಒಂದು ಬ್ರೋಕರೇಜ್ ಸಂಸ್ಥೆ ಕಂಪನಿಯ ಲೆಕ್ಕಪತ್ರದ ಬಗ್ಗೆ ಪ್ರಶ್ನೆ ಎತ್ತಿತು, ಕಂಪನಿ ಸ್ಪಷ್ಟನೆ ಕೊಟ್ಟಿತು. ಆದ್ರೂ ಷೇರು ₹4,500ಕ್ಕಿಂತ ಕೆಳಗಿಳಿಯಿತು. ಆಗಲೂ ₹587ಕ್ಕೆ ಕೊಂಡವರು ಲಾಭದಲ್ಲೇ ಇದ್ದರು, ₹7,000ಕ್ಕೆ ಕೊಂಡವರಿಗೆ ಮೂರನೇ ಒಂದು ಭಾಗಕ್ಕೂ ಹೆಚ್ಚು ಹೋಗಿತ್ತು. ಕಂಪನಿ ಒಂದೇ, ಕೊಂಡ ಬೆಲೆ ಬೇರೆ. ಮಾಲು ಚೆನ್ನಾಗಿದ್ರೂ ದುಬಾರಿಗೆ ತಂದ್ರೆ ನಷ್ಟ ಅನ್ನೋದು ಅಂಗಡಿಯವರಿಗೆ ಹೊಸ ಪಾಠವೇನಲ್ಲ.

4. ‘ಚಿಪ್ ಇಲ್ದೆ ಜಗತ್ತೇ ನಡೆಯಲ್ಲ, ಷೇರು ಹೇಗೆ ಬೀಳುತ್ತೆ?’

ಬೇಡಿಕೆ ಇರೋದು ನಿಜ. ಆದ್ರೆ ಈರುಳ್ಳಿ ಥರ ಚಿಪ್ಪಿಗೂ ಏರಿಳಿತದ ಸುತ್ತು ಇದೆ. ಬೆಲೆ ಏರಿದಾಗ ಎಲ್ಲರೂ ಉತ್ಪಾದನೆ ಹೆಚ್ಚಿಸ್ತಾರೆ, ಮಾಲು ಹೆಚ್ಚಾಗಿ ಬೆಲೆ ಕುಸಿಯುತ್ತೆ. ಮೆಮೊರಿ ಚಿಪ್ ಮಾಡುವ ಅಮೆರಿಕದ ಮೈಕ್ರಾನ್ 2023ರ ಹಣಕಾಸು ವರ್ಷದಲ್ಲಿ 580 ಕೋಟಿ ಡಾಲರ್ ನಷ್ಟ ಕಂಡಿತ್ತು.

ಎನ್ವಿಡಿಯಾ ಷೇರು 2025ರ ಜನವರಿ 27ರಂದು ಒಂದೇ ದಿನ ಶೇ. 17ರಷ್ಟು ಬಿತ್ತು. ಚೀನಾದ ಡೀಪ್‌ಸೀಕ್ ಕಡಿಮೆ ಖರ್ಚಿನಲ್ಲಿ ಎಐ ಮಾಡಿದೆ ಅನ್ನೋ ಸುದ್ದಿ ಅದಕ್ಕೆ ಕಾರಣ. ಅದೇ ಕಂಪನಿ ಅಕ್ಟೋಬರ್‌ನಲ್ಲಿ 5 ಲಕ್ಷ ಕೋಟಿ ಡಾಲರ್ ಮೌಲ್ಯ ಮುಟ್ಟಿತು. ಇನ್ನೊಂದು ಕಡೆ, ಇಂಟರ್ನೆಟ್ ಉಪಕರಣ ಮಾಡುವ ಸಿಸ್ಕೋ ಷೇರು 2000ದ ಮಾರ್ಚ್‌ನ ಗರಿಷ್ಠ ಬೆಲೆಗೆ ಮರಳಲು 2025ರ ಡಿಸೆಂಬರ್ ತನಕ ಕಾಯಬೇಕಾಯ್ತು. ಕಂಪನಿ ಮುಳುಗಿರಲಿಲ್ಲ, ಇಂಟರ್ನೆಟ್ಟೂ ನಿಲ್ಲಲಿಲ್ಲ. ಮೊದಲೇ ಜನ ವಿಪರೀತ ಬೆಲೆ ಕೊಟ್ಟಿದ್ದರು, ಅಷ್ಟೇ.

5. ‘ನೇರವಾಗಿ ಎನ್ವಿಡಿಯಾನೇ ತಗೋತೀನಿ’

ಕಾನೂನು ಪ್ರಕಾರ ಆಗುತ್ತೆ. ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ಯೋಜನೆಯಡಿ ಒಬ್ಬರು ವರ್ಷಕ್ಕೆ 2,50,000 ಡಾಲರ್ ತನಕ ಹೊರದೇಶಕ್ಕೆ ಕಳಿಸಬಹುದು. ಆದ್ರೆ ವ್ಯಾಪಾರಸ್ಥರು ಗಮನಿಸಬೇಕಾದ ಒಂದು ವಿಷಯ ಇದೆ. ವಿದೇಶಿ ಷೇರು ಇದ್ದವರು ಅದನ್ನ ರಿಟರ್ನ್‌ನಲ್ಲಿ ವಿದೇಶಿ ಆಸ್ತಿ ಅಂತ ತೋರಿಸಲೇಬೇಕು. ಹಾಗಾಗಿ ಸಣ್ಣ ಅಂಗಡಿಯವರು ಬಳಸೋ ಐಟಿಆರ್-4 ಸುಗಮ್ ಫಾರಂ ಅವರಿಗೆ ನಡೆಯಲ್ಲ. ಒಂದೇ ಷೇರು ಇದ್ರೂ ಇದೇ ನಿಯಮ. ಕೊಳ್ಳೋ ಮುಂಚೆ ಆಡಿಟರ್ ಹತ್ರ ಕೇಳೋದು ಒಳ್ಳೇದು.

6. ‘ಇನ್ಫೋಸಿಸ್ ಆಗ ಬಿಟ್ವಿ, ಇದನ್ನ ಬಿಡಬಾರದು’

ಇನ್ಫೋಸಿಸ್ 1993ರಲ್ಲಿ ₹95ಕ್ಕೆ ಷೇರು ಕೊಟ್ಟಾಗ ಪೂರ್ತಿ ಅರ್ಜಿಯೇ ಬಂದಿರಲಿಲ್ಲ. ಇಟ್ಟುಕೊಂಡವರು ಶ್ರೀಮಂತರಾದರು. ಇದು ಎಲ್ಲರಿಗೂ ಗೊತ್ತು. ಆದ್ರೆ 2000ದ ಹೊತ್ತಿಗೆ ಅಷ್ಟೇ ಜೋರಾಗಿ ಕೇಳಿಬಂದ ಪೆಂಟಾಮೀಡಿಯಾ ಗ್ರಾಫಿಕ್ಸ್, ಡಿಎಸ್‌ಕ್ಯೂ ಸಾಫ್ಟ್‌ವೇರ್, ಸಿಲ್ವರ್‌ಲೈನ್ ಷೇರುಗಳು ನೆಲಕಚ್ಚಿದ್ದು ಯಾರ ಬಾಯಲ್ಲೂ ಬರಲ್ಲ. ಗೆದ್ದ ಕುದುರೆಯ ಹೆಸರು ಮಾತ್ರ ಊರಲ್ಲಿ ಉಳಿಯುತ್ತೆ.

ಅವಸರದ ದಾರಿ: ಆಪ್ಷನ್

ಷೇರು ಕೊಂಡು ಕಾಯೋಕೆ ತಾಳ್ಮೆ ಇಲ್ಲದವರು ಆಪ್ಷನ್ ಟ್ರೇಡಿಂಗ್‌ಗೆ ಇಳೀತಾರೆ. 2024-25ರಲ್ಲಿ ಫ್ಯೂಚರ್ ಮತ್ತು ಆಪ್ಷನ್‌ನಲ್ಲಿ ಷೇರು ವ್ಯವಹಾರ ಮಾಡಿದ ವ್ಯಕ್ತಿಗಳಲ್ಲಿ ಶೇ. 91ರಷ್ಟು ಜನ ನಷ್ಟ ಕಂಡರು, ಒಟ್ಟು ನಷ್ಟ ₹1 ಲಕ್ಷ ಕೋಟಿ ಮೀರಿದೆ ಅಂತ ಸೆಬಿ ಅಧ್ಯಯನ ಹೇಳುತ್ತೆ.

ಕೊಳ್ಳೋ ಮುಂಚೆ ಕೇಳಿಕೊಳ್ಳಿ

* ಕಂಪನಿ ಡಿಸೈನ್, ಫ್ಯಾಬ್, ಪ್ಯಾಕೇಜಿಂಗ್ ಪೈಕಿ ಏನು ಮಾಡುತ್ತೆ? ಕಾರ್ಖಾನೆ ನಡೀತಿದೆಯಾ, ಬರೀ ಒಪ್ಪಿಗೆ ಸಿಕ್ಕಿದೆಯಾ?

* ಚಿಪ್ಪಿನಿಂದ ಬರೋ ಆದಾಯ ಎಷ್ಟು? ಎನ್‌ಎಸ್‌ಇ, ಬಿಎಸ್‌ಇ ಜಾಲತಾಣದಲ್ಲಿ ಕಂಪನಿಯ ಫಲಿತಾಂಶ ಉಚಿತವಾಗಿ ಸಿಗುತ್ತೆ.

* ಷೇರು ವಿಶೇಷ ನಿಗಾ ಪಟ್ಟಿಯಲ್ಲಿ ಇದೆಯಾ?

* ಈ ದುಡ್ಡು ಅರ್ಧ ಆದ್ರೂ ಮುಂದಿನ ತಿಂಗಳು ಅಂಗಡಿಗೆ ಮಾಲು ಬರುತ್ತಾ? ಬರಲ್ಲ ಅಂದ್ರೆ ಅದು ಷೇರಿಗೆ ಹಾಕೋ ದುಡ್ಡಲ್ಲ.

* ಸಲಹೆ ಕೊಟ್ಟವರಿಗೆ ಸೆಬಿ ನೋಂದಣಿ ಇದೆಯಾ? ವಾಟ್ಸಾಪ್, ಟೆಲಿಗ್ರಾಂ ಗ್ರೂಪಿನಲ್ಲಿ ಯಾರದ್ದೋ ಖಾತೆಗೆ ದುಡ್ಡು ಹಾಕಿ ಅಂದ್ರೆ ಹಾಕಬೇಡಿ.

ಆನ್‌ಲೈನ್‌ನಲ್ಲಿ ಮೋಸ ಆದ್ರೆ ತಡ ಮಾಡದೆ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯೋ ಅವಕಾಶ ಹೆಚ್ಚು. ಬ್ರೋಕರ್ ಅಥವಾ ಲಿಸ್ಟ್ ಆದ ಕಂಪನಿ ಮೇಲೆ ದೂರು ಇದ್ರೆ ಸೆಬಿಯ ಸ್ಕೋರ್ಸ್ ಪೋರ್ಟಲ್‌ನಲ್ಲಿ ಉಚಿತವಾಗಿ ದಾಖಲಿಸಬಹುದು.